ಗುಂಡು ಬೋಳಿನ ಜಾಡು

ಮಗನ ತಲೆ ಬಗ್ಗಿಸಿ ನೋಡಿದವನೇ ಕ್ಷೌರಿಕ ಬಾಚಣಿಗೆ ಕೆಳಗಿಟ್ಟ. ಕಿವಿಯ ಹಿಂದೆ ಗುಂಡಗೆ ಬೋಳು, ಅಂಚಿನಲ್ಲಿ ಬಿಳಿ ಹೊಟ್ಟು! ಬೀದಿಯ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಹಿಡಿಯುತ್ತಿದ್ದ ಹುಳುಕಡ್ಡಿ ಅವನ ಮನೆಗೂ ಕಾಲಿಟ್ಟಿತ್ತು.

ತಂದವರು ಯಾರು? ಅವನಿಗೆ ಅನುಮಾನವೇ ಇರಲಿಲ್ಲ— ಮೂಲೆಮನೆಗೆ ಬಾಡಿಗೆಗೆ ಬಂದ ಬಟ್ಟೆ ಹೊಲಿಯುವವಳ ಮಗಳು. ಮೊಣಕೈ ಮಡಿಕೆಯಲ್ಲಿ ಚರ್ಮ ಸುಲಿದು ಕೆಂಪಗಾಗಿದ್ದ ಆ ಹುಡುಗಿ ಕೂದಲು ಕತ್ತರಿಸಿಕೊಳ್ಳಲು ಬಂದಾಗ ಅವನು ಅಂಗಡಿಯ ಬಾಗಿಲಿನಿಂದಲೇ ಸಾಗಹಾಕಿದ್ದ. ಆಮೇಲೆ ಬಂದ ಗಿರಾಕಿಗಳಿಗೆಲ್ಲ ಅದನ್ನೇ ಉಪ್ಪುಖಾರ ಹಚ್ಚಿ ಹೇಳಿದ. ಈಗ ಶಾಲೆಯವರು ಅವಳನ್ನು ಮನೆಯಲ್ಲಿ ಕೂರಿಸಿದ್ದರು. ಮನೆ ಖಾಲಿ ಮಾಡಿ ಎಂದು ಮಾಲೀಕನೂ ಪಟ್ಟು ಹಿಡಿದಿದ್ದ.

ಶಾಲೆಯವರು ಕರೆಸಿದ್ದ ಚರ್ಮದ ಡಾಕ್ಟರಮ್ಮ ಮಕ್ಕಳನ್ನೆಲ್ಲ ನೋಡಿ ಮುಗಿಸಿ, ಮೂಲೆಮನೆಗೂ ಹೋಗಿ ಹುಡುಗಿಯನ್ನು ನೋಡಿ, ನೆಟ್ಟಗೆ ಅವನ ಅಂಗಡಿಗೇ ಬಂದರು. ಅವನು ಗಿರಾಕಿಯೊಬ್ಬನ ಕತ್ತಿನ ಕೂದಲನ್ನು ಮೆಷಿನ್ನಿನಿಂದ ಸವರುತ್ತಿದ್ದ. ಮೆಷಿನ್ನನ್ನು ಫೂ ಎಂದು ಊದಿ ಕೊಕ್ಕೆಗೆ ತೂಗುಹಾಕಿ, ಅವರಿಗೆ ಸ್ಟೂಲು ಒರೆಸಿಕೊಟ್ಟ.

"ಆ ಹುಡುಗಿ ಜೊತೆ ನಿಮ್ಮ ಮಗ ಆಡ್ತಾನಾ?"

"ಹತ್ತಿರಕ್ಕೂ ಬಿಟ್ಟಿಲ್ಲ, ಡಾಕ್ಟ್ರೇ."

"ಹಾಗಾದ್ರೆ ಅವನಿಗೆ ಅಂಟಿದ್ದು ಹೇಗೆ?"

ಗಾಳಿ, ಶಾಲೆಯ ಬೆಂಚು ಎಂದು ಅವನು ಏನೇನೋ ತಡವರಿಸಿದ. ಡಾಕ್ಟರಮ್ಮ ಟವೆಲು, ಬಾಚಣಿಗೆಗಳ ವಿಷಯ ತೆಗೆದರು. ದಿನವೂ ಕುದಿಯುವ ನೀರಿಗೆ ಹಾಕುತ್ತೇನೆಂದು ಎದೆಯುಬ್ಬಿಸಿ ಹೇಳಿದ. ಅದು ನಿಜವೂ ಆಗಿತ್ತು.

"ಮೆಷಿನ್?"

ಅವನ ಕಣ್ಣು ಕೊಕ್ಕೆಯ ಕಡೆ ಹೊರಳಿತು.

"ನನ್ನೆದುರಿಗೇ ಊದಿ ತೂಗುಹಾಕಿದ್ರಿ. ಊದಿದ್ರೆ ಕೂದಲು ಹಾರುತ್ತೆ, ಹುಳುಕಡ್ಡಿ ಹಾರಲ್ಲ. ಮಕ್ಕಳಿಗೆಲ್ಲ ಬೋಳು ಇರೋದು ಕಿವಿ ಹಿಂದೆ, ಕತ್ತಿನ ಮೇಲೆ— ಮೆಷಿನ್ ಆಡೋ ಜಾಗದಲ್ಲಿ. ಯಾವುದೋ ಒಂದು ತಲೆಯಿಂದ ಬಂದಿದ್ದನ್ನ ನೀವೇ ಊರಿಗೆಲ್ಲ ಹಂಚಿದ್ದೀರಿ."

"ಮತ್ತೆ... ಆ ಹುಡುಗಿ ಕೈ?"

"ಅದು ಇಸುಬು. ಯಾರಿಗೂ ಅಂಟಲ್ಲ. ಎಲ್ಲರೂ ಅವಳ ಕೈ ನೋಡಿದ್ರಿ, ತಲೆ ಯಾರೂ ನೋಡಲಿಲ್ಲ. ನೀವು ಓಡಿಸಿದ ಮೇಲೆ ಅವರಮ್ಮ ಮನೇಲೇ ಕೂದಲು ಕತ್ತರಿಸ್ತಾಳೆ. ತಲೇಲಿ ಒಂದು ಚುಕ್ಕೆ ಕೂಡ ಇಲ್ಲ. ನೀವು ಬಾಗಿಲಲ್ಲೇ ತಡೆದಿದ್ದಕ್ಕೆ ಅವಳು ಬಚಾವಾದಳು."

ಗಿರಾಕಿ ಅರ್ಧ ಕ್ಷೌರದಲ್ಲೇ ಕತ್ತು ಮುಟ್ಟಿಕೊಳ್ಳುತ್ತ ಎದ್ದು ಹೋದ. ಕ್ಷೌರಿಕ ನಾಚಿಕೆಯಿಂದ ಹಿಡಿಯಷ್ಟಾದ. ಸ್ವಂತ ಮಗನಿಗೂ ತನ್ನ ಕೈಯಾರೆ ಅಂಟಿಸಿದ್ದ. ಬೈಗುಳ ಮಾತ್ರ ಪರರ ಮಗುವಿಗೆ ಕೊಟ್ಟಿದ್ದ. ಮಕ್ಕಳು ನುಂಗಬೇಕಾದ ಮಾತ್ರೆ, ಮೆಷಿನ್ನಿಗೆ ಹಾಕಬೇಕಾದ ಔಷಧಿ— ಡಾಕ್ಟರಮ್ಮ ಹೇಳಿದ್ದಕ್ಕೆಲ್ಲ ತಲೆ ಎತ್ತದೆ ಹೂಂಗುಟ್ಟಿದ.

ಅಂಗಡಿಗೆ ಬೀಗ ಹಾಕಿ ಮೊದಲು ಶಾಲೆಗೆ ಹೋದ, ಆಮೇಲೆ ಮಾಲೀಕನ ಮನೆಗೆ. ಎರಡೂ ಕಡೆ ನಡೆದದ್ದನ್ನು ಇದ್ದದ್ದಿದ್ದಂತೆ ಹೇಳಿದ. ಕೊನೆಗೆ ಮೂಲೆಮನೆಯ ಬಾಗಿಲು ತಟ್ಟಿದ. ತಾಯಿ ಹೊಲಿಗೆ ನಿಲ್ಲಿಸಿದಳು. ಹುಡುಗಿ ಅವನನ್ನು ಕಂಡದ್ದೇ ತಡ, ಅಂಗಿಯ ತೋಳುಗಳನ್ನು ಮಣಿಕಟ್ಟಿನವರೆಗೆ ಎಳೆದುಕೊಂಡಳು.

"ಮುಚ್ಕೋಬೇಡ ಮಗಳೇ," ಎಂದ. "ತಪ್ಪು ನಂದು. ಎಲ್ಲರಿಗೂ ಹೇಳಿ ಬಂದೆ. ನೀನು ನಾಳೆಯಿಂದ ಶಾಲೆಗೆ ಹೋಗಬಹುದು."

ಹುಡುಗಿ ಅವನ ಕೈಗಳನ್ನೇ ನೋಡಿದಳು. ಆಮೇಲೆ ಅಮ್ಮನ ಬೆನ್ನ ಹಿಂದೆ ಸರಿದು ಕೇಳಿದಳು: "ಈ ಮಾಮ ಒಳಗೆ ಬಂದ್ರೆ ನಂಗೆ ಅಂಟುತ್ತಾ, ಅಮ್ಮ?"

ಅವನು ಬಾಗಿಲಲ್ಲೇ ನಿಂತ.