ಕಾಣದ ಕೋಣೆ

ಅಕ್ಕ ಒಳ್ಳೆಯವಳು ಎಂಬುದೇ ಅವನಿಗೆ ಸಹಿಸಲಾಗದ ಸಂಗತಿ. ಕೆಲಸವಿಲ್ಲದೆ ಅಲೆಯುತ್ತಿದ್ದ ತಮ್ಮನನ್ನು, ತಾನು ಕಟ್ಟಡಗಳ ನಕ್ಷೆ ಬರೆಯುತ್ತಿದ್ದ ಕಚೇರಿಗೆ ಕರೆತಂದವಳು ಅವಳೇ. ಅವನೂ ನಕ್ಷೆ ಬರೆಯಬಲ್ಲ. ಆದರೆ ಪ್ರಿಂಟರ್ ಮುನಿಸಿಕೊಂಡಾಗ ಮಾತ್ರ ಯಜಮಾನರಿಗೆ ಅವನ ನೆನಪು. ಹೊಸ ಗ್ರಂಥಾಲಯಕ್ಕೆ ಯಾರ ನಕ್ಷೆ ಒಪ್ಪಿಗೆಯಾಗುತ್ತದೋ ಅವರೇ ಇನ್ನು ಮುಖ್ಯಸ್ಥರು ಎಂದು ಯಜಮಾನರು ಸಾರಿದಾಗ ಎಲ್ಲರೂ ಅಕ್ಕನತ್ತ ತಿರುಗಿದರು. ಅವನ ಹೊಟ್ಟೆ ಉರಿಯಿತು.

ಎಲ್ಲರ ಕಡತಗಳೂ ಒಂದೇ ಕಡೆ ಇರಲೆಂದು ಲಿನಕ್ಸ್ ಸರ್ವರ್ ಹೂಡುವ ಕೆಲಸ ಅವನ ಪಾಲಿಗೇ ಬಂದಿತ್ತು. ಅಚ್ಚುಕಟ್ಟಾಗಿ ಮಾಡಿದ. ಒಬ್ಬೊಬ್ಬರಿಗೆ ಒಂದೊಂದು ಫೋಲ್ಡರ್, ಒಂದೊಂದು ಪಾಸ್‌ವರ್ಡ್. ಅತಿಥಿಗಳು ಬಂದಾಗ ಕಟ್ಟಡಗಳ ಚಿತ್ರ ತೋರಿಸಲೆಂದು ಚಾವಡಿಯ ಟಿವಿಯನ್ನೂ ಅದಕ್ಕೇ ಜೋಡಿಸಿ ಬೆನ್ನು ತಟ್ಟಿಸಿಕೊಂಡ. ಆಮೇಲೆ ತನಗೆಂದು ಇನ್ನೊಂದು ಫೋಲ್ಡರ್ ಮಾಡಿದ. ಅದು ಯಾರ ಪಟ್ಟಿಯಲ್ಲೂ ಕಾಣದು, ಅವನ ಹೊರತು ಯಾರಿಗೂ ತೆರೆಯದು. ಸೆಟ್ಟಿಂಗಿನಲ್ಲಿ ಒಂದೆರಡು ಸಾಲು, ಅಷ್ಟೇ.

ಅಕ್ಕ ಕಂಪ್ಯೂಟರಿನ ಪರದೆಯ ಮೇಲೇ ಬರೆಯುವವಳು, ಕಾಗದದ ಪ್ರತಿ ಇರಲಿಲ್ಲ. ಅವಳ ನಕ್ಷೆಯ ಚಿತ್ರಗಳನ್ನೆಲ್ಲ ಆ ಕಾಣದ ಕೋಣೆಗೆ ಸಾಗಿಸಿದ. ನೋಡಿಕೊಂಡು ತನ್ನದನ್ನು ಸರ್ವರಿಗೆ ಹಾಕದೆ ತನ್ನ ಕಂಪ್ಯೂಟರಿನಲ್ಲೇ ಬರೆದಿಟ್ಟುಕೊಂಡ. ಮೂಲೆಯಲ್ಲಿದ್ದ ಅವಳ ಟಿಪ್ಪಣಿಯನ್ನು ನಕಲು ಮಾಡದೆ ಬಿಟ್ಟ. ಆ ಟಿಪ್ಪಣಿ ಓದಿದ ಮೇಲೆ, ಅವಳ ಚಿತ್ರಗಳನ್ನು ಅಳಿಸಿಬಿಡಲು ಮಾತ್ರ ಕೈ ಬರಲಿಲ್ಲ.

ಮರುದಿನ ಅಕ್ಕ ಅವನ ಮೇಜಿನ ಬಳಿ ಬಂದು ತಗ್ಗಿದ ದನಿಯಲ್ಲಿ ಹೇಳಿದಳು: “ನನ್ನ ಕೈಯಿಂದಲೇ ಅಳಿಸಿಹೋಯ್ತೇನೋ ಕಣೋ. ಯಜಮಾನ್ರಿಗೆ ಹೇಳ್ಬೇಡ. ನಿನ್ನ ಸರ್ವರ್ ಸರಿಯಿಲ್ಲ ಅಂತ ನಿನ್ನನ್ನೇ ಬೈತಾರೆ.”

“ನೋಡ್ತೀನಕ್ಕ” ಎಂದ. ತಲೆ ಎತ್ತಲಾಗಲಿಲ್ಲ, ನಾಚಿಕೆಯಿಂದ ಕಿವಿ ಸುಡುತ್ತಿತ್ತು. ಆದರೂ ಲೆಕ್ಕಾಚಾರ ಬಿಡಲಿಲ್ಲ. ತಾನೇ ಬರೆದ ನಕ್ಷೆಯನ್ನು ಅವಳು ಗುರುತಿಸದೆ ಇರುವುದಿಲ್ಲ. ಗುರುತಿಸಿದರೂ ಸ್ವಂತ ತಮ್ಮನ ಮೇಲೆ ದೂರು ಹೇಳುವವಳಲ್ಲ. ಅವಳ ಒಳ್ಳೆಯತನವೇ ಅವನ ಉಪಾಯದ ಗಟ್ಟಿ ಬೀಗ.

ಹಾಗೆಯೇ ಆಯಿತು. ಗ್ರಂಥಾಲಯದವರ ಎದುರು ಅವನು ನಕ್ಷೆ ವಿವರಿಸುವಾಗ ಅಕ್ಕ ಒಮ್ಮೆ ಪರದೆ ನೋಡಿದಳು, ಆಮೇಲೆ ತನ್ನ ಕೈಗಳನ್ನೇ ನೋಡುತ್ತ ಕೂತಳು. ಎದ್ದು ಕೂಗಾಡಿದ್ದರೆ ಎಷ್ಟೋ ಹಗುರವಾಗುತ್ತಿತ್ತು ಅವನಿಗೆ. ಚಪ್ಪಾಳೆ ಬಿತ್ತು. ಯಜಮಾನರು ಎಲ್ಲರನ್ನೂ ಚಹಾಕ್ಕೆಂದು ಚಾವಡಿಗೆ ಕರೆದೊಯ್ದು, ಅತಿಥಿಗಳಿಗಾಗಿ ಟಿವಿ ಹಾಕಿದರು.

ಟಿವಿಯಲ್ಲಿ ಪಾಸ್‌ವರ್ಡ್ ಒತ್ತುವುದು ರಗಳೆ ಎಂದು, ಸರ್ವರಿನಲ್ಲಿರುವ ಚಿತ್ರಗಳನ್ನೆಲ್ಲ ಅದಕ್ಕೆ ಕಳಿಸುವಂತೆ ಅಂದು ಅವನೇ ಹೊಂದಿಸಿದ್ದ. ಹೊಸದು ಮೊದಲು ಬರಲಿ ಎಂದೂ ಹೇಳಿದ್ದ. ಕಾಣದ ಕೋಣೆ ಕಾಣದಿದ್ದುದು ಮನುಷ್ಯರಿಗೆ ಮಾತ್ರ. ಪರದೆಯ ತುಂಬ ಅದೇ ಗ್ರಂಥಾಲಯ ಮೂಡಿತು, ಮೂಲೆಯಲ್ಲಿ ಅಕ್ಕನ ದುಂಡನೆಯ ಅಕ್ಷರ: ‘ಮೆಟ್ಟಿಲು ತಮ್ಮನ ಯೋಚನೆ. ಇಬ್ಬರ ಹೆಸರೂ ಹಾಕಬೇಕು.’ ಅಕ್ಕ ಗಾಬರಿಯಿಂದ ರಿಮೋಟಿಗಾಗಿ ತಡಕಾಡಿದಳು. ಅಷ್ಟರಲ್ಲಿ ಯಜಮಾನರು ಅದನ್ನು ಗಟ್ಟಿಯಾಗಿ ಓದಿ ಮುಗಿಸಿದ್ದರು.