ಕೇಳದೇ ಉಳಿದ ಪ್ರಶ್ನೆ

ಹುಲಿಗೆವ್ವ ರೊಟ್ಟಿ ಬಡಿಯುತ್ತಿದ್ದಳು. ಒಂದು ಹಂಚಿನ ಮೇಲಿತ್ತು, ಇನ್ನೊಂದು ಕೈಯಡಿ ತಿರುಗುತ್ತಿತ್ತು. ಅಷ್ಟರಲ್ಲಿ ಬಾರಾಮತಿಯಿಂದ ಮಗಳು ಸಪ್ನಾಳ ಫೋನು.

“ಯವ್ವಾ, ಟ್ರಸ್ಟಿನ ಶಿಫಾರಸು ಪತ್ರ ಬಂದೇ ಇಲ್ಲಂತ! ಇವತ್ತು ಕಾಲೇಜ್ ಆಫೀಸ್ ಮುಚ್ಚೋದ್ರಾಗ ಬರಲಿಲ್ಲಂದ್ರ ನರ್ಸಿಂಗ್ ಸೀಟು ಬ್ಯಾರೆಯವರಿಗೆ ಹೋಗ್ತದ!”

ಹಂಚಿನ ಮೇಲಿನ ರೊಟ್ಟಿ ಸೀದೇಹೋಯಿತು. ಒಲೆ ಆರಿಸಿ ಹುಲಿಗೆವ್ವ ಟ್ರಸ್ಟಿಗೆ ಓಡಿದಳು. ಕಟ್ಟಡ ಕೆಲಸದವರ ಮಕ್ಕಳ ಓದಿಗೆ ನೆರವಾಗಲೆಂದು ಪುಣೆಯ ಭೋಸರಿಯಲ್ಲಿ ನಡೆಯುವ ಟ್ರಸ್ಟ್ ಅದು. ಅಲ್ಲಿಂದ ಪತ್ರಗಳನ್ನು ಈಮೇಲ್ ಮಾಡುವವನು ಮಹೇಶಕುಮಾರ. ನಲ್ಲಿಯ ಹತ್ತಿರ ಅವನಿಗೂ ಹುಲಿಗೆವ್ವನಿಗೂ ನೀರಿನ ಕೊಡದ ಸಲುವಾಗಿ ಜಗಳವಾಗಿ ವಾರವೂ ಕಳೆದಿರಲಿಲ್ಲ.

“ಎಲ್ಲಾರ ಪತ್ರ ಹೋಗ್ಯಾವ, ನನ್ನ ಮಗಳದ್ದಷ್ಟ ಯಾಕ ಕುಂತದ? ಕೊಡದ ಸಿಟ್ಟು ಹುಡುಗಿ ಮ್ಯಾಲ ತೀರಿಸ್ಕೊಂಡೇನೋ ಭಾಡ್ಯಾ?”

“ಆಯಿಶಪ್ಪತ್ ಅಕ್ಕಾ, ನಮ್ಮವ್ವನ ಆಣಿ, ನಾ ಏನೂ ಮಾಡಿಲ್ಲ!”

ಜಗಳ ಕೇಳಿ ಸ್ಪಂದನಾ ಎದ್ದು ಬಂದಳು. ಬೆಂಗಳೂರಿನ ಕಡೆಯ ಹುಡುಗಿ. ಪ್ರತಿ ಶನಿವಾರ ಬಂದು ಟ್ರಸ್ಟಿನ ಕಂಪ್ಯೂಟರ್ ಪ್ರೋಗ್ರಾಮುಗಳನ್ನು ನೋಡಿಕೊಳ್ಳುತ್ತಾಳೆ. ಪರದೆ ತೆರೆದಳು. ಸಪ್ನಾಳ ಹೆಸರಿನ ಎದುರು ಒಂದೇ ಮಾತು — ‘ತಡೆಹಿಡಿಯಲಾಗಿದೆ’.

“ಇದು ತಾನಾಗೇ ಆಗಲ್ಲ. ಯಾರೋ ‘ಹೌದು, ತಡೆಹಿಡಿ’ ಅಂದಿರಬೇಕು. ಮಹೇಶಣ್ಣ, ಏನು ಒತ್ತಿದ್ರಿ?”

“ಏನೂ ಒತ್ತಿಲ್ರಿ ಮೇಡಂ. ಮೊದಲ ಈ ಕಂಪ್ಯೂಟರ್ ಒಂದೊಂದು ಪತ್ರಕ್ಕೂ ಹೆಸರು ಸರಿ ಅದನೋ, ಸಹಿ ಹಾಕಲೋ, ಕಳಿಸಲೋ ಅಂತ ಕೇಳಿ ಜೀವ ತಿಂತಿತ್ತು. ಈ ಸಲ ತುಟಿಪಿಟಕ್ ಅನ್ಲಿಲ್ಲ. ಕಮಾಂಡ್ ಹೊಡದೆ, ಚಾ ಕುಡಿಲಿಕ್ಕ ಹೋದೆ.”

“ಸುಳ್ಳು ಹ್ಯಾಂಗ ಹೊಂದಸ್ತಾನ ನೋಡ್ರಿ!” ಎಂದಳು ಹುಲಿಗೆವ್ವ.

ಸ್ಪಂದನಾ ನಗಲಿಲ್ಲ. “ಏನೂ ಕೇಳಲಿಲ್ವಾ? — ಅಮ್ಮ, ಸಪ್ನಾ ಕಾಯಂ ವಿಳಾಸ ಯಾವ್ದು ಕೊಟ್ಟಿದಾಳೆ?”

“ಶಹಾಪುರದ್ದು. ನಮ್ಮ ಸ್ವಂತ ಊರು, ಮನಿ ಅಲ್ಲೇ ಅದಲ್ಲ.”

“ಉಳಿದವರದ್ದು?”

“ಎಲ್ಲಾ ಪುಣೆದ್ದರೀ,” ಎಂದ ಮಹೇಶಕುಮಾರ.

“ಸಿಕ್ತು! ಬೇರೆ ಊರಿನ ವಿಳಾಸ ಇದ್ರೆ ಮಾತ್ರ ಇನ್ನೊಂದು ಪ್ರಶ್ನೆ ಬರುತ್ತೆ — ಪತ್ರ ತಡೆಹಿಡಿಯಲೇ? ಮೊದಲೆಲ್ಲ ನೀವು ಏನಂತಿದ್ರಿ?”

“ಬ್ಯಾಡ ಅಂತಿದ್ದೆ. ಇಲ್ಲೇ ದುಡಿಯೋ ಮಂದಿ, ನನಗ ಗೊತ್ತಿಲ್ಲೇನ್ರಿ?”

“ಈ ಸಲ ಆ ಪ್ರಶ್ನೆ ನಿಮ್ಮ ತನಕ ಬರಲೇ ಇಲ್ಲ. ಪದೇಪದೇ ಒತ್ತೋ ಕಾಟ ತಪ್ಪಲಿ ಅಂತ ಕಮಾಂಡಿನ ಕೊನೆಗೆ ‘ಡ್ಯಾಶ್ ಡ್ಯಾಶ್ ಯೆಸ್’ ಅಂತ ಸೇರಿಸಿದ್ದು ಯಾರು? ಅದು ಎಲ್ಲಕ್ಕೂ ಹೌದು ಅಂದುಬಿಡ್ತು. ತಡೆಹಿಡಿಯಲೇ ಅಂದ್ರೂ ಹೌದು!”

“ಹಂಗಾರ ಕಳ್ಳ ಯಾರವ್ವಾ?”

“ನಾನೇ ಅಮ್ಮ. ಅದನ್ನ ಸೇರಿಸಿ, ಬರೀ ಪುಣೆ ವಿಳಾಸ ಹಾಕಿ ಪರೀಕ್ಷೆ ಮಾಡಿ, ಸರಿಯಿದೆ ಅಂತ ಎದ್ದುಹೋದೆ.”

ಹುಲಿಗೆವ್ವ ಮಹೇಶಕುಮಾರನ ಕಡೆ ತಿರುಗಿದಳು. “ಇಷ್ಟೊತ್ತು ಬೈಸ್ಕೋತ ನಿಂತಿ, ಬಿಡಿಸಿ ಹೇಳಬಾರದಿತ್ತೇನ?”

“ಹೇಳಾಕ ಎಲ್ಲಿ ಬಿಟ್ಟಿ ಅಕ್ಕಾ!”

ಸ್ಪಂದನಾ ಆಗಲೇ ಕೀಲಿಮಣೆ ಎಳೆದುಕೊಂಡಿದ್ದಳು. ಹೆಸರಿಗೆ, ಸಹಿಗೆ, ಕಳಿಸುವುದಕ್ಕೆ ಉತ್ತರ ಕಮಾಂಡಿನಲ್ಲೇ ಇರಲಿ. ತಡೆಹಿಡಿಯುವ ಮಾತು ಬಂದರೆ ಮಾತ್ರ ನಿಂತು ಮನುಷ್ಯರನ್ನೇ ಕೇಳಲಿ — ಹಾಗೆ ತಿದ್ದಿದಳು. ಮಹೇಶಕುಮಾರ ಮತ್ತೆ ಕಮಾಂಡ್ ಹೊಡೆದ. ಸಾಲುಗಳು ಸರಸರನೆ ಸರಿದವು. ಗಕ್ಕನೆ ನಿಂತವು.

‘ತಡೆಹಿಡಿಯಲೇ?’

ಅವನು ಕುರ್ಚಿ ಬಿಟ್ಟು ಎದ್ದ. “ಅಕ್ಕಾ, ಬ್ಯಾಡ ಅನ್ನೋ ಗುಂಡಿ ಇದು. ನೀನ ಒತ್ತು.”

ಹುಲಿಗೆವ್ವ ಒತ್ತಿದಳು. ಸಪ್ನಾಳ ಪತ್ರ ಬಾರಾಮತಿಗೆ ಹೊರಟಿತು.