ಕರುಣಿ ಹೇಳದೇ ಬಂದ ಮಾತು

"ಹಾಜಿರಾ! ಏ ಹಾಜಿರಾ!"

ಕರುಣಿ ಓಡಿ ಬಂದ ರಭಸಕ್ಕೆ ಬಾಗಿಲಿಗೆ ಡಿಕ್ಕಿ ಹೊಡೆಯುವುದೊಂದೇ ಬಾಕಿ ಇತ್ತು. ಒಳಗಿನಿಂದ ಹಾಜಿರಾಳ ತಾಯಿ ಖಾತುನಬಿ ಬಂದಳು. ಕೈತುಂಬ ರೊಟ್ಟಿ ಹಿಟ್ಟು.

"ಅಕಿ ನೀರಿಗೆ ಹೋಗ್ಯಾಳವಾ. ಏನರ ಹೇಳೂದೈತೇನು?"

ಹೇಳುವುದಿತ್ತು. ನಾಡಿದ್ದು ನವೆಂಬರ್ ಒಂದು. ಮುಂಬೈ, ಹೈದರಾಬಾದ್, ಮೈಸೂರು ಅಂತ ಹಂಚಿಹೋಗಿದ್ದ ಕನ್ನಡದ ಊರುಗಳೆಲ್ಲ ಒಂದೇ ರಾಜ್ಯ ಆಗುವ ದಿನ! ಗದಗ-ಬೆಟಗೇರಿಯಲ್ಲಿ ದೊಡ್ಡ ಮೆರವಣಿಗೆ. ಕರುಣಿಯ ಶಾಲೆಯದೂ ಒಂದು ಚಕ್ಕಡಿ. ಅದರ ಮೇಲೆ ನಿಂತು, ತಗಡಿನ ಭೋಂಗಾ ಹಿಡಿದು, "ಕನ್ನಡ ತಾಯಿಗೆ" ಎಂದು ಕೂಗಲು ಒಬ್ಬಳು ಬೇಕು. ಕೆಳಗಿರುವವರೆಲ್ಲ "ಜೈ" ಅನ್ನಬೇಕು.

ಶಾಲೆಯಲ್ಲಿ ಜೋರು ದನಿ ಇಬ್ಬರದೇ. ಕರುಣಿ ಪ್ರತಿ ಭಾನುವಾರ ಚರ್ಚಿನಲ್ಲಿ ಹಾಡುವವಳು. ಹಾಜಿರಾ ಅಪ್ಪನ ಜೊತೆ ಸಂತೆಯಲ್ಲಿ ಕೂಗಿ ಕೂಗಿ ಬಾಳೆಹಣ್ಣು ಮಾರುವವಳು.

"ನಾಳೆ ಗಂಟಿ ಹೊಡಿಯೂದರಾಗ ಇಬ್ರೂ ಬಯಲಿಗೆ ಬರ್ರಿ, ಕೂಗಿಸಿ ನೋಡ್ತೀನಿ. ಹಾಜಿರಾ ಇವತ್ತ ಬಂದಿಲ್ಲ, ಅಕಿಗೆ ನೀನ ಹೇಳವಾ" ಎಂದಿದ್ದರು ದೇವೇಂದ್ರಪ್ಪ ಮಾಸ್ತರು.

ಕರುಣಿ ಬಾಯಿ ತೆರೆದಳು. ಯಾಕೋ ಬೇರೆಯದೇ ಮಾತು ಹೊರಗೆ ಬಂತು.

"ಏನಿಲ್ಲ ಚಾಚಿ. ಸುಮ್ಮನ ಬಂದಿದ್ದೆ."

ಮರುದಿನ ಬೆಳಿಗ್ಗೆ ಬಯಲಿನಲ್ಲಿ ಕರುಣಿ ಒಬ್ಬಳೇ. ಕಣ್ಣು ಮುಚ್ಚಿ, ಹೊಟ್ಟೆಯಿಂದ ದನಿ ಎತ್ತಿ ಕೂಗಿದಳು. ಮಾಸ್ತರು ಚಪ್ಪಾಳೆ ತಟ್ಟಿದರು.

"ಶಾಬಾಸ್! ಚಕ್ಕಡಿ ನಿಂದ!"

ಹುಡುಗಿಯರು ಮುತ್ತಿಕೊಂಡರು. ಯಾವ ಲಂಗ ಉಟ್ಟುಕೊಳ್ತಿ? ಜಡೆಗೆ ಯಾವ ರಿಬ್ಬನ್? ಕರುಣಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಹಾಜಿರಾ ಗಂಟೆ ಹೊಡೆದ ಮೇಲೆ ಬಂದಳು. ಸುದ್ದಿ ಕೇಳಿ ಅವಳ ಮುಖ ಸಣ್ಣದಾಯಿತು.

"ನನಗ್ಯಾಕ ಹೇಳಲಿಲ್ಲ?"

"ನಿಮ್ಮ ಮನಿಗೆ ಬಂದಿದ್ದೆ. ನೀ ಇದ್ದಿಲ್ಲ. ನಿಮ್ಮ ಅಮ್ಮಿ ಇದ್ರು" ಎಂದಳು ಕರುಣಿ. ಅದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ.

"ಅಂದ್ರ ಅಮ್ಮಿ ಹೇಳೂದು ಮರತಾಳ!" ಹಾಜಿರಾಳ ಕಣ್ಣು ಕೆಂಪಾಯಿತು. "ಮನಿಗೆ ಹೋಗಿ ಮಾಡ್ತೀನಿ ತಡಿ."

ಸಂಜೆ ಕರುಣಿಯ ಅಪ್ಪ ಮಗ್ಗ ನಿಲ್ಲಿಸಿದ. ದಿನದಂತೆ ಎಲ್ಲರೂ ಚಾಪೆಯ ಮೇಲೆ ಪ್ರಾರ್ಥನೆಗೆ ಕುಳಿತರು. ಅಜ್ಜಿ ದೇವವ್ವ ಮೊದಲು ಶುರು ಮಾಡಿದಳು.

"ತಂದೀ, ನನ್ನ ಎದಿಯೊಳಗ ಬಾ. ಮೂಲಿ ಮೂಲಿ ನೋಡು. ಇವತ್ತ ನೀರಿನ ಸಲುವಾಗಿ ಹನಮಂತವ್ವಗ ಬಿರುಸು ಮಾತಾಡೀನಿ. ಅದನ್ನ ತಗದ ಹಾಕು."

ಅಪ್ಪ ತನ್ನದು ಹೇಳಿದ, ಅವ್ವ ತನ್ನದು. ಈಗ ಕರುಣಿಯ ಸರದಿ. ದಿನಾ ಅವಳದು ಪಟಪಟ ಮುಗಿಯುತ್ತಿತ್ತು. ಇಂದು "ತಂದೀ" ಎಂದವಳು ಅಲ್ಲೇ ನಿಲ್ಲಿಸಿ ಕಣ್ಣು ತೆರೆದಳು.

"ಆಯಿ, ನಾವು ಕರೀಲಿಲ್ಲಂದ್ರ ದೇವರಿಗೆ ಕಾಣೂದಿಲ್ಲೇನು?"

ಅಜ್ಜಿ ಕಣ್ಣು ತೆರೆದಳು. "ಆತಗ ಎಲ್ಲಾ ಕಾಣತೈತಿ. ನಮಗ ಕಾಣೂದಿಲ್ಲ ನೋಡು. ಅದಕ್ಕ ಕರಿಯೂದು, ಆತನ ಜೋಡಿ ನಾವೂ ಒಳಗ ಹೋಗಿ ನೋಡಾಕ."

ಕರುಣಿ ಮತ್ತೆ ಕಣ್ಣು ಮುಚ್ಚಿದಳು. "ತಂದೀ, ಬಾ, ನೋಡು" ಎಂದಳು ಮೆಲ್ಲಗೆ.

ಖಾತುನಬಿಯ ಬಾಗಿಲು ಕಂಡಿತು. ಹಿಟ್ಟಿನ ಕೈ ಕಂಡಿತು. 'ಅಕಿ ನೀರಿಗೆ ಹೋಗ್ಯಾಳವಾ' ಎಂದಾಗ ತನ್ನೊಳಗೆ ಏನೋ ಖುಷಿಯಿಂದ ಜಿಗಿದದ್ದೂ ಕಂಡಿತು. ಈಗ ಹಾಜಿರಾ ಮನೆಯಲ್ಲಿ ಏನು ಮಾಡುತ್ತಿರಬಹುದು?

ಆಮೆನ್ ಅನ್ನುವ ಮೊದಲೇ ಕರುಣಿ ಎದ್ದು ಓಡಿದಳು.

ಹಾಜಿರಾಳ ಮನೆಯಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಹಾಜಿರಾ ಮೂಲೆಯಲ್ಲಿ, ಖಾತುನಬಿ ಒಲೆಯ ಮುಂದೆ.

"ಚಾಚಿದು ತಪ್ಪಿಲ್ಲ! ನಾನ ಹೇಳಲಿಲ್ಲ. ಹೇಳಾಕ ಬಂದು, ಬೇಕಂತ ಹೇಳದ ಹೋದೆ" ಎಂದಳು ಕರುಣಿ ಒಂದೇ ಉಸಿರಿಗೆ.

ಹಾಜಿರಾ ಧಡಕ್ಕನೆ ಎದ್ದಳು. "ನಿನ್ನ ಸಲುವಾಗಿ ಅಮ್ಮಿಗೆ ಏನೇನ ಅಂದೆ ಗೊತ್ತೈತೇನು? ಹೋಗು, ನನ್ನ ಮುಂದ ನಿಂದರಬ್ಯಾಡ!" ಎಂದು ಅಮ್ಮಿಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಖಾತುನಬಿ ಮಗಳ ತಲೆ ಸವರಿದಳು.

ಮೆರವಣಿಗೆಯ ಬೆಳಿಗ್ಗೆ! ಎತ್ತಿನ ಕೋಡಿಗೆ ಬಣ್ಣ, ಚಕ್ಕಡಿಗೆ ಮಾವಿನ ತೋರಣ, ಬಾಜಾ ಬಜಂತ್ರಿ. ಕರುಣಿ ಆ ಗದ್ದಲದಲ್ಲಿ ಮಾಸ್ತರನ್ನು ಹುಡುಕಿ ಎಲ್ಲವನ್ನೂ ಹೇಳಿದಳು. ಮಾಸ್ತರ ಹುಬ್ಬು ಗಂಟಾಯಿತು.

"ಈಗ ಹೇಳ್ತಿಯೇನು? ಹಾಜಿರಾ, ಇಲ್ಲಿ ಬಾ! ಕೂಗು ನೋಡೂಣು."

ಹಾಜಿರಾ ಭೋಂಗಾ ಮುಟ್ಟಲೂ ಇಲ್ಲ. ಬರಿಯ ಬಾಯಿಂದ ಕೂಗಿದಳು. ಬೇವಿನ ಮರದ ಕಾಗೆಗಳೆಲ್ಲ ಒಮ್ಮೆಲೇ ಹಾರಿದವು. ಬಾಜಾ ಹೊಡೆಯುವವರೂ ತಿರುಗಿ ನೋಡಿದರು.

"ಚಕ್ಕಡಿ ಹತ್ತವಾ!" ಎಂದರು ಮಾಸ್ತರು.

ಕರುಣಿಗೆ ಅಳು ಬಂತು, ನುಂಗಿಕೊಂಡಳು. ಸಾಲಿನ ಹಿಂದೆ ಹೋಗಿ ನಿಂತಳು.

ಮೆರವಣಿಗೆ ಬಜಾರಕ್ಕೆ ಬಂದಾಗ ಕಾಲಿಡಲೂ ಜಾಗವಿರಲಿಲ್ಲ. ಮಾಳಿಗೆಯ ಮೇಲೆ ಜನ, ಕಟ್ಟೆಯ ಮೇಲೆ ಜನ. ಮೇಲಿಂದ ಹೂವು ಬೀಳುತ್ತಿದ್ದವು. ಹಾಜಿರಾ ಒಮ್ಮೆಯೂ ಕರುಣಿಯ ಕಡೆ ನೋಡಿರಲಿಲ್ಲ.

ಯಳವತ್ತಿಯಿಂದ ಬಂದಿದ್ದ ಮುದುಕಿಯೊಬ್ಬಳು ಕರುಣಿಯ ಭುಜ ಹಿಡಿದಳು. "ಏನ್ ದನೀನ ಯವ್ವಾ ಅದು! ಮ್ಯಾಲೆ ನಿಂತಾಕಿ ಯಾರ ಮಗಳು?"

ನನ್ನ ಗೆಳತಿ ಅನ್ನಬೇಕೆಂದುಕೊಂಡಳು ಕರುಣಿ. ಆದರೆ ಅದನ್ನು ಹಾಜಿರಾ ಹೇಳಬೇಕಲ್ಲ?

"ನಮ್ಮ ಶಾಲಿಯಾಕೀರಿ. ಹಾಜಿರಾ ಅಂತ. ಅಕೀ ದನಿ ನನಗಿಂತ ಚೊಲೋ ಐತಿ" ಎಂದಳು.

ಹಾಗೆ ಹೇಳಿ ತನ್ನೊಳಗೆ ನೋಡಿಕೊಂಡಳು. ಸಣ್ಣ ಮುಳ್ಳಿನಂಥದ್ದು ಇನ್ನೂ ಚುಚ್ಚುತ್ತಿತ್ತು. ಆದರೆ ಅದನ್ನು ಮುಚ್ಚಿಡಬೇಕು ಅನಿಸಲಿಲ್ಲ.

"ಕನ್ನಡ ತಾಯಿಗೆ!" ಚಕ್ಕಡಿಯ ಮೇಲಿನಿಂದ ಕೂಗು ಬಂತು.

"ಜೈ!" ಎಂದಳು ಕರುಣಿ, ಮುದುಕಿ ಕಿವಿ ಮುಚ್ಚಿಕೊಂಡು ನಗುವಷ್ಟು ಜೋರಾಗಿ.